ಗುಂಡಿಯಕ್ಕ ವೈಪರ್ ಮೋಟರ್ ಬದಲಿಸಿದ್ದು

ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಹೊಸದಾಗಿ ಬಂದವರು ಇದನ್ನು ಕೇಳಿ, ಪಾಪ, ಎಂದೋ ಯಾವುದೋ ಗುಂಡಿಗೆ ಬಿದ್ದಿರಬೇಕು ಎಂದುಕೊಳ್ಳುತ್ತಿದ್ದರು. ವಿಷಯ ಅಷ್ಟು ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಹೊಲಿಗೆ ಯಂತ್ರವಿತ್ತು. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದೇ ಹೆಚ್ಚು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು. ಗುಂಡಿ ಹಾಕಿಕೊಡಲು ಮಾತ್ರ ಅವಳು ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ಒಂದು ಗುಂಡಿಗೆಲ್ಲ ಏನು ತಗೊಳ್ಳೋದು, ನಿಂತ್ಕೊಳ್ಳಿ, ಮೈಮೇಲೇ ಹಾಕಿಬಿಡ್ತೀನಿ" ಎಂದು ಹಲ್ಲಲ್ಲಿ ದಾರ ಕಡಿಯುತ್ತಿದ್ದಳು. ಹಾಗೆ ಆ ಹೆಸರು ಅಂಟಿಕೊಂಡಿತು.

ಗಂಡ ಲಿಫ್ಟ್ ರಿಪೇರಿಯವನು, ಎಲ್ಲರಿಗೂ ಲಿಫ್ಟಣ್ಣ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದು ಕಿರುಚುವವರನ್ನು ಹೊರಗಿನಿಂದಲೇ ಮಾತಾಡಿಸುತ್ತ, ನಗಿಸುತ್ತ, ಬಾಗಿಲು ತೆರೆದು ಹೊರಗೆ ಕರೆತರುವುದರಲ್ಲಿ ಅವನದು ಎತ್ತಿದ ಕೈ. ಮಹಾ ಮಾತುಗಾರ. ಯಾವ ಮಾತು ಆಡಿದರೂ ಕೊನೆಗೊಂದು "ನೋಡು" ಸೇರಿಸುವುದು ಅವನ ಅಭ್ಯಾಸ. ಮಳೆ ಬಂತು ನೋಡು. ಸುಸ್ತಾಯ್ತು ನೋಡು. ಮೇಲಿನ ಮನೆಯವರ ನಾಯಿ ಮತ್ತೆ ಓಡಿಹೋಯ್ತು ನೋಡು. ಗುಂಡಿಯಕ್ಕ ರೇಗುತ್ತಿದ್ದಳು: "ಎಷ್ಟು ಅಂತ ನೋಡ್ಲಿ ರೀ, ಇರೋದು ಎರಡೇ ಕಣ್ಣು!"

ಹೋದ ಚಳಿಗಾಲದ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದವನ ಕೈಯಿಂದ ರೇಜರ್ ಜಾರಿ ಬೇಸಿನ್ನಿಗೆ ಬಿತ್ತು. ಆಮೇಲೆ ಅವನೂ ಬಿದ್ದ. ಆಂಬುಲೆನ್ಸಿನಲ್ಲಿ ಮಲಗಿದ್ದಾಗಲೂ ಅರ್ಧ ಮುಖದಲ್ಲಿ ಸೋಪಿನ ನೊರೆ ಹಾಗೇ ಇತ್ತು. ಗುಂಡಿಯಕ್ಕ ಅದನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನ ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಮಾತೆಲ್ಲ ಹೋಗಿ, ಎಲ್ಲ ವಾಕ್ಯಗಳ ಬಾಲ ಮಾತ್ರ ಉಳಿದಿತ್ತು. ನೋಡು. ಹಸಿವಾದರೂ ನೋಡು, ಬೆನ್ನು ತುರಿಸಿದರೂ ನೋಡು, ಕೋಪ ಬಂದರೂ ನೋಡು, ಬೇಕೆಂದರೂ ಬೇಡವೆಂದರೂ ನೋಡು. ತಲೆಯೊಳಗೆ ಎಲ್ಲ ಮಾತೂ ಇದೆ, ಹೊರಬರುವ ದಾರಿ ಮುಚ್ಚಿದೆ ಎಂದರು ಡಾಕ್ಟರು. ಹೀಗೆ ಒಳಗೆ ಸಿಕ್ಕಿಬಿದ್ದವರ ಜೊತೆ ಹೊರಗಿನಿಂದ ಮಾತಾಡುತ್ತ ನಿಲ್ಲುವುದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಗುರುವಾರ ಗುರುವಾರ ಊರಿನ ಆಚೆ ಬದಿಯ ಕೇಂದ್ರವೊಂದರಲ್ಲಿ ಮಾತು ಕಲಿಸುವ ಮೇಡಂ ಒಬ್ಬರ ಹತ್ತಿರ ಅವನನ್ನು ಕರೆದುಕೊಂಡು ಹೋಗಬೇಕಿತ್ತು. ಮೊದಮೊದಲು ಟ್ಯಾಕ್ಸಿ ಮಾಡಿಸಿದಳು. ಒಂದು ದಿನ ಟ್ಯಾಕ್ಸಿಯೊಳಗೆ ಅವನಿಗೆ ತಡೆಯಲಾಗದೆ ಸೀಟು ಒದ್ದೆಯಾಯಿತು. ಚಾಲಕ ಬೈಯಲಿಲ್ಲ. ಇಳಿಸಿದ ಮೇಲೆ ಡಿಕ್ಕಿಯಿಂದ ಬಟ್ಟೆ ತೆಗೆದು, ಮೂಗು ಮುಚ್ಚಿಕೊಂಡು, ಅವರ ಎದುರಿಗೇ ಸೀಟು ಉಜ್ಜತೊಡಗಿದ. ಅಷ್ಟೇ. ಅಂದಿನಿಂದ ಲಿಫ್ಟಣ್ಣ ಬೇರೆಯವರ ಗಾಡಿ ಹತ್ತಲು ಒಪ್ಪಲಿಲ್ಲ. ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದು ಬಿಡುತ್ತಲೇ ಇರಲಿಲ್ಲ. ಆಗ ಗುಂಡಿಯಕ್ಕ ಶೆಡ್ಡಿನಲ್ಲಿ ನಿಂತಿದ್ದ ಅವನ ಹಳೆಯ ಕಾರನ್ನು ಹೊರಗೆ ತೆಗೆದಳು. ಮದುವೆಯಾದ ಹೊಸತರಲ್ಲಿ ಅವನೇ ಜಗಳವಾಡುತ್ತ ಅವಳಿಗೆ ಓಡಿಸಲು ಕಲಿಸಿದ್ದ. ಕಲಿತದ್ದು ಈಗ ಉಪಯೋಗಕ್ಕೆ ಬಂತು.

ವೈಪರ್ ಕೈಕೊಟ್ಟದ್ದು ಕೇಂದ್ರದಿಂದ ಹಿಂತಿರುಗುವಾಗ, ಮಳೆ ಧೋ ಎಂದು ಸುರಿಯುತ್ತಿದ್ದಾಗ. ಕಡ್ಡಿಗಳು ಗಾಜಿನ ನಡುವಿನವರೆಗೆ ಏರಿ, ಒಮ್ಮೆ ನಡುಗಿ, ಅಲ್ಲೇ ನಿಂತವು. ಮುಂದಿನದೊಂದೂ ಕಾಣದು. ಲಾರಿಗಳ ದೀಪ ಗಾಜಿನ ತುಂಬ ಕದಡಿಹೋಯಿತು. ಅವಳು ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ ಸ್ವಿಚ್ಚನ್ನು ಮೇಲೆ ಕೆಳಗೆ ಆಡಿಸಿದಳು. ಬಾನೆಟ್ಟಿನ ಒಳಗೆಲ್ಲೋ ಟಿಕ್ ಎಂದಿತೇ ಹೊರತು ಕಡ್ಡಿ ಅಲ್ಲಾಡಲಿಲ್ಲ.

"ನೋಡು" ಎಂದ ಲಿಫ್ಟಣ್ಣ.

"ನೋಡ್ತಾ ಇದೀನಿ ರೀ."

"ನೋಡು, ನೋಡು!"

ಮಳೆ ತುಸು ತೆಳುವಾಗುವವರೆಗೆ ಕಾದು, ಆಮೇಲೆ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ, ಆಮೆಯ ಹಾಗೆ ತೆವಳುತ್ತ ಮನೆ ಮುಟ್ಟಿದಳು. ಮನೆ ಮುಟ್ಟುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದಳು. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗಿದ್ದರು.

ಬೀದಿಯ ತುದಿಯ ಗ್ಯಾರೇಜಿನವನು ಬಂದು, ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಮೋಟರ್ ಹೋಗಿದೆ ಅಕ್ಕಾ" ಎಂದ. ಮಳೆಗಾಲ ಶುರುವಾದಾಗಿನಿಂದ ಅವನ ಶೆಡ್ಡಿನ ತುಂಬ ನೀರು ಕುಡಿದ ಗಾಡಿಗಳು. "ಬಿಟ್ಟು ಹೋಗಿ, ಆದಾಗ ಹೇಳ್ತೀನಿ. ಸದ್ಯಕ್ಕಂತೂ ಆಗಲ್ಲ, ಸುಳ್ಳು ಹೇಳಲ್ಲ ನಾನು."

"ಗುರುವಾರದೊಳಗೆ ಬೇಕಿತ್ತಲ್ಲಪ್ಪ. ಒಂದು ಸಲ ತಪ್ಪಿಸಿದ್ರೆ ಆ ಹೊತ್ತನ್ನ ಬೇರೆಯವರಿಗೆ ಕೊಟ್ಬಿಡ್ತಾರೆ."

"ಏನ್ ಮಾಡ್ಲಿ ಅಕ್ಕಾ, ನಂಗಿರೋದೂ ಎರಡೇ ಕೈ."

ಬಿಡಿಭಾಗದ ಅಂಗಡಿಯಿಂದ ಮೋಟರನ್ನು ಅವಳೇ ತಂದಳು. ಅಂಗಡಿಯವನು ಮಾಲು ಒಳ್ಳೆಯದೆಂದು ತೋರಿಸಲು ಅದನ್ನು ಮೇಜಿನ ಮೇಲಿದ್ದ ಬ್ಯಾಟರಿಗೆ ತಗುಲಿಸಿ ಗರ್ರ್ ಎಂದು ತಿರುಗಿಸಿ, ತಿರುಗುತ್ತಿರುವಾಗಲೇ ತಂತಿ ಕಿತ್ತು ಡಬ್ಬಿಗೆ ಹಾಕಿ ಕೊಟ್ಟಿದ್ದ. ಹೊಲಿಗೆ ಯಂತ್ರದ ಮೋಟರನ್ನು ಅವಳು ಎಷ್ಟೋ ಸಲ ಬಿಚ್ಚಿ ಎಣ್ಣೆ ಹಾಕಿದವಳು. ಇದೇನು ಮಹಾ ಎಂದುಕೊಂಡಳು. ಹಾಗೆ ಅಂದುಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಶೆಡ್ಡಿನ ಬಾಗಿಲ ಹತ್ತಿರ ಗಾಲಿಕುರ್ಚಿ ತಂದು, ಅವನ ಕಾಲಿನ ಮೇಲೆ ಕಂಬಳಿ ಹೊದಿಸಿ ಕೂರಿಸಿದಳು. ಅವನ ಸ್ಪ್ಯಾನರುಗಳು ಗೋಡೆಗೆ ಹೊಡೆದ ಮೊಳೆಗಳಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು. ಇಷ್ಟು ವರ್ಷ ಅವಳು ಅವನ್ನು ಮುಟ್ಟುವ ಹಾಗಿರಲಿಲ್ಲ. ಒಮ್ಮೆ ಮೊಳೆ ಹೊಡೆಯಲು ದೊಡ್ಡದೊಂದನ್ನು ತೆಗೆದುಕೊಂಡದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ. ಈಗ ಕೈ ಚಾಚುವಾಗ ತಿರುಗಿ ಅವನ ಮುಖ ನೋಡಿದಳು. ಅವನು ತಲೆಯಾಡಿಸಿದ. ಹೂಂ ಎಂದೋ ಉಹೂಂ ಎಂದೋ ತಿಳಿಯಲಿಲ್ಲ. ತೆಗೆದುಕೊಂಡಳು.

ಶುರುವಿನಲ್ಲಿ ಕೆಲಸ ಸಾಗಿತು. ಬಾನೆಟ್ ಎತ್ತಿ ವೈರಿಗೆ ಕೈಹಾಕುವ ಹೊತ್ತಿಗೆ ಅವನು ಎಡಗೈಯಿಂದ ಕುರ್ಚಿಯ ತೋಳನ್ನು ದಬದಬ ಬಡಿದು ಬ್ಯಾಟರಿಯ ಕಡೆ ಬೆರಳು ತೋರಿಸಿದ.

"ಓ! ಮೊದ್ಲು ಬ್ಯಾಟರಿ ಬಿಚ್ಬೇಕಾ?"

"ನೋಡು!"

ಅವಳು ಬ್ಯಾಟರಿಯ ತಂತಿ ಬಿಚ್ಚಿದಳು. ಅವನ ಮುಖ ಅರಳಿತು. ಬಾಯಿ ಎಡಕ್ಕೆ ಮಾತ್ರ ನಗುತ್ತಿತ್ತು, ಆದರೂ ನಗುವೇ. ಎಷ್ಟೋ ದಿನಗಳ ಮೇಲೆ ಅವನು ಹೇಳಿದ್ದು ಅವಳಿಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ಇಬ್ಬರಿಗೂ ಹುರುಪು ಬಂತು.

ವೈಪರ್ ಕಡ್ಡಿಗಳ ಬುಡದ ನಟ್ಟು ಬಿಚ್ಚಿದರೂ ಕಡ್ಡಿಗಳು ಜಪ್ಪಯ್ಯ ಎನ್ನಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಅತ್ತಿತ್ತ ಅಲುಗಿಸಿ, ಕೊನೆಗೆ ಬೈದು ಕಿತ್ತಳು. ಗಾಜಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ತೆಗೆಯುವಾಗ ಅದರ ಹಲ್ಲುಗಳು ಟಕಟಕ ಮುರಿದವು. ಅಷ್ಟರಲ್ಲಿ ಹಿಂದಿನ ಮನೆಯ ಅಂಚೆಯಣ್ಣ, ಕೆಲಸಕ್ಕೆ ಹೊರಟವನು, ಕೊಡೆ ಹಿಡಿದು ಇಣುಕಿದ. ಒಳ್ಳೆಯ ಮನುಷ್ಯ. ಕೂಡಲೇ ಫೋನಿನಲ್ಲಿ ವಿಡಿಯೋ ಹುಡುಕಿ ಅವಳ ಮುಖದ ಮುಂದೆ ಹಿಡಿದ.

"ನೋಡಿ ಅಕ್ಕಾ, ಹತ್ತೇ ನಿಮಿಷದಲ್ಲಿ ಮುಗಿಸ್ಬಿಟ್ಟ. ಕೈಗೆ ಮಸಿ ಕೂಡ ಆಗಿಲ್ಲ ಅವನಿಗೆ."

"ಅಣ್ಣಾ, ಅದು ಬೇರೆ ಗಾಡಿ ಅಲ್ವಾ?"

ಅಂಚೆಯಣ್ಣ ಫೋನನ್ನೂ ಕಾರನ್ನೂ ಒಂದೊಂದು ಸಲ ನೋಡಿದ. "ಹೌದಲ್ಲ. ಆದ್ರೂ ಎಲ್ಲಾ ಒಂದೇ ಥರ ಇರುತ್ತೆ ಬಿಡಿ" ಎಂದು ಧೈರ್ಯ ಹೇಳಿ ಹೋದ.

ಮೋಟರು, ಅದಕ್ಕೆ ಸೇರಿದ ಸರಳುಗಳು, ಕಬ್ಬಿಣದ ಚೌಕಟ್ಟು ಎಲ್ಲವೂ ಒಟ್ಟಿಗೇ ಹೊರಗೆ ಬಂದವು. ಅದನ್ನು ನೆಲದ ಮೇಲಿಟ್ಟು ಬಿಚ್ಚಿದಳು. ಮೋಟರಿನ ನಡುವೆ ಒಂದು ಗಿಡ್ಡ ತೋಳು. ಅದು ತಿರುಗಿದರೆ ಸರಳುಗಳು ಹಿಂದೆ ಮುಂದೆ ಹೋಗಿ ಗಾಜಿನ ಮೇಲಿನ ಕಡ್ಡಿಗಳನ್ನು ಆಡಿಸುತ್ತವೆ. ಇಷ್ಟು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ತನ್ನ ಯಂತ್ರದ ಸೂಜಿ ಮೇಲೆ ಕೆಳಗೆ ಹೋಗುವುದೂ ಹೀಗೆಯೇ. ಹಳೆಯ ಮೋಟರಿನಿಂದ ಗಿಡ್ಡ ತೋಳನ್ನು ಕಳಚಿ ಹೊಸದರ ಮೇಲೆ ಕೂರಿಸತೊಡಗಿದಳು.

"ನೋಡು" ಎಂದ ಲಿಫ್ಟಣ್ಣ.

ಅವಳು ತಲೆ ಎತ್ತಿದಳು. ಅವನು ಎಡಗೈಯಿಂದ ಗಾಳಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದ.

"ತಿರುಗಿಸ್ಬೇಕಾ? ಬಿಗಿ ಮಾಡ್ಬೇಕಾ?" ನಟ್ಟನ್ನು ಇನ್ನಷ್ಟು ಬಿಗಿದಳು.

"ನೋಡು! ನೋಡು!" ಮತ್ತೆ ಸೊನ್ನೆ. ಆಮೇಲೆ ಮುಷ್ಟಿ ಹಿಡಿದು ತೋರಿಸಿದ.

"ಇನ್ನೂ ಬಿಗಿಯಾ?" ಕಾಲಿನಿಂದ ಚೌಕಟ್ಟನ್ನು ಒತ್ತಿ ಹಿಡಿದು, ಬಲವೆಲ್ಲ ಹಾಕಿ ಬಿಗಿದಳು.

ಅವನು ಹಣೆ ಹಣೆ ಬಡಿದುಕೊಂಡ. ಮುಖ ಕೆಂಪಾಯಿತು. ಅವಳಿಗೆ ಗಾಬರಿಯಾಗಿ, ಬಚ್ಚಲಿಗೆ ಹೋಗಬೇಕೇನೋ ಎಂದು ಕುರ್ಚಿ ತಳ್ಳಿಕೊಂಡು ಒಳಗೆ ಹೋದಳು. ಎಬ್ಬಿಸಿ, ಕೂರಿಸಿ, ಕಾದು, ಮತ್ತೆ ಎಬ್ಬಿಸಿ, ಬಟ್ಟೆ ಸರಿಮಾಡಿ ಹೊರಗೆ ತಂದಳು. ಅದಲ್ಲ. ನೀರು ಕೊಟ್ಟಳು. ಅದೂ ಅಲ್ಲ. ಮೇಡಂ ಕೊಟ್ಟಿದ್ದ ಚಿತ್ರದ ಹಲಗೆ ತಂದು ತೊಡೆಯ ಮೇಲಿಟ್ಟಳು. ನೋವಿಗೊಂದು ಚಿತ್ರ, ನಿದ್ದೆಗೊಂದು, ಚಳಿಗೊಂದು, ಊಟಕ್ಕೊಂದು. ಅವನು ಅದನ್ನೇ ಒಂದು ಗಳಿಗೆ ದಿಟ್ಟಿಸಿದ. ಒಂದೊಂದು ಚಿತ್ರದ ಮೇಲೂ ಬೆರಳಿಟ್ಟು ದಾಟಿಸುತ್ತ ಹೋದ. ಕೊನೆಯದನ್ನೂ ದಾಟಿ ಹಲಗೆಯನ್ನು ನೆಲಕ್ಕೆ ತಳ್ಳಿದ.

"ನನಗೆ ಗೊತ್ತಾಗ್ತಿಲ್ಲ ರೀ" ಎಂದಳು. "ಏನು ಮಾಡ್ಲಿ ಹೇಳಿ. ನನಗೆ ಗೊತ್ತಾಗ್ತಾನೇ ಇಲ್ಲ."

ಅವನು ಮುಖ ಆಚೆ ತಿರುಗಿಸಿದ. ಅವಳು ಕೆಲಸ ಮುಂದುವರಿಸಿದಳು. ಚೌಕಟ್ಟನ್ನು ಒಳಗೆ ಕೂರಿಸಿದಳು, ವೈರು ಸಿಕ್ಕಿಸಿದಳು, ಪಟ್ಟಿ ಮುಚ್ಚಿದಳು. ವೈಪರ್ ಕಡ್ಡಿಗಳನ್ನು ಮೊದಲಿನ ಹಾಗೆ ಗಾಜಿನ ಬುಡಕ್ಕೆ ಅಚ್ಚುಕಟ್ಟಾಗಿ ಮಲಗಿಸಿ ನಟ್ಟು ಹಾಕಿದಳು. ಬ್ಯಾಟರಿ ಜೋಡಿಸಿದಳು. ಅವನು ಮತ್ತೆ ಕುರ್ಚಿ ಬಡಿಯುತ್ತಿದ್ದ. ಇನ್ನೇನು ಮುಗಿಯಿತಲ್ಲ ಎಂದು ಅವಳು ಆ ಕಡೆ ನೋಡಲಿಲ್ಲ. ಒಳಗೆ ಕೂತು ಕೀ ತಿರುಗಿಸಿದಳು.

ಸ್ವಿಚ್ ಮುಟ್ಟುವ ಮೊದಲೇ ಕಡ್ಡಿಗಳು ತಾವಾಗಿ ಹೊರಟವು. ಮೇಲಕ್ಕಲ್ಲ, ಕೆಳಕ್ಕೆ. ಪ್ಲಾಸ್ಟಿಕ್ ಪಟ್ಟಿಗೆ ಬಡಿದು ಅದನ್ನು ಚಟ್ಟೆಂದು ಸೀಳಿ, ಒಂದರ ಮೇಲೊಂದು ಏರಿ ಹೆಣೆದುಕೊಂಡವು. ಮೋಟರ್ ನಿಲ್ಲದೆ ನರಳುತ್ತಿತ್ತು. ಅವಳು ಕೀ ಕಿತ್ತುಕೊಂಡಾಗ ಚಾಲಕನ ಕಡೆಯ ಕಡ್ಡಿ ಮೊಣಕೈ ಮುರಿದವರ ಹಾಗೆ ಸೊಟ್ಟಗಾಗಿತ್ತು.

ಲಿಫ್ಟಣ್ಣ ಅಳುತ್ತಿದ್ದ. ಕಾಯಿಲೆಯಾದ ಮೇಲೆ ಅವನಿಗೆ ಅಳು ಬಂದರೆ ನಿಲ್ಲುತ್ತಿರಲಿಲ್ಲ.

ಅವಳು ಇಳಿದು ಬಂದು ಅವನ ಎದುರು ನಿಂತಳು. "ನಿಮಗೆ ಗೊತ್ತಿತ್ತಲ್ವಾ?" ಎಂದಳು. "ಹೀಗಾಗುತ್ತೆ ಅಂತ ಗೊತ್ತಿತ್ತಲ್ವಾ? ಗೊತ್ತಿದ್ದೂ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ರೀ ನಿಮಗೆ!"

ಅಂದ ಮೇಲೆ ತಾನು ಅಂದದ್ದೇನು ಎಂಬುದು ಅವಳಿಗೆ ಕೇಳಿಸಿತು. ಅವನ ಅಳು ನಿಂತಿತು. ಲಿಫ್ಟಣ್ಣ ಅವಳನ್ನು ನೋಡದೆ ಎಡಗೈಯಿಂದ ಕುರ್ಚಿಯ ಗಾಲಿಯನ್ನು ತಳ್ಳತೊಡಗಿದ. ಒಂದೇ ಗಾಲಿ ತಳ್ಳಿದರೆ ಕುರ್ಚಿ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ. ಅದು ಸುತ್ತಿತು. ಅವನು ಮತ್ತೆ ತಳ್ಳಿದ. ಕಾರಿನ ಹತ್ತಿರ ಹೋಗಬೇಕು ಎಂದು ಅವಳಿಗೆ ತಿಳಿಯಿತು. ತಳ್ಳಿಕೊಂಡು ಬಾನೆಟ್ಟಿನ ಮುಂದೆ ನಿಲ್ಲಿಸಿದಳು. ಕೂತಲ್ಲಿಂದ ಒಳಗೆ ಕೈ ಎಟುಕಲಿಲ್ಲ.

"ನಿಲ್ಲಿಸ್ಲಾ?"

ಅವನ ಕಂಕುಳಿಗೆ ತನ್ನ ಹೆಗಲು ಕೊಟ್ಟು ಎತ್ತಿದಳು. ಅವನು ಕಾರಿನ ಅಂಚಿಗೆ ಒರಗಿ ನಿಂತ. ಎಡಗೈಗೆ ಸ್ಪ್ಯಾನರ್ ಕೊಟ್ಟಳು. ಅದನ್ನು ನಟ್ಟಿನ ಮೇಲೆ ಇಡಲು ನೋಡಿದ. ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿ ಇಂಜಿನ್ನಿನ ಸಂದಿಯಲ್ಲಿ ಠಣ್ಣೆಂದು ಎಲ್ಲೋ ಬಿತ್ತು. ಅವನು ಅದನ್ನು ಹಿಡಿಯಲು ಬಗ್ಗಿದ. ಬಲ ಮೊಣಕಾಲು ಮಡಚಿಕೊಂಡಿತು. ಅವಳು ಹಿಡಿದಳು, ಆದರೆ ಅವನ ಭಾರ ಅವಳ ಕೈಮೀರಿದ್ದು. ಇಬ್ಬರೂ ಕಾರಿಗೆ ಬೆನ್ನು ಉಜ್ಜುತ್ತ ಮೆಲ್ಲಗೆ ಜಾರಿ ನೆಲಕ್ಕೆ ಬಂದರು.

ಪೆಟ್ಟೇನೂ ಆಗಲಿಲ್ಲ. ಆದರೆ ಒಬ್ಬಳೇ ಅವನನ್ನು ನೆಲದಿಂದ ಎತ್ತುವುದು ಆಗದ ಮಾತು. ಕಂಬಳಿ ಕೆಳಗೆ ಸೇರಿಸಿ ಎಳೆದಳು, ಕುರ್ಚಿಗೆ ಆನಿಸಿ ನೋಡಿದಳು. ಗೇಟಿನವರೆಗೆ ಹೋಗಿ ಅಂಚೆಯಣ್ಣನನ್ನು ಕೂಗಿದಳು. ಅವನು ಕೆಲಸದಿಂದ ಇನ್ನೂ ಬಂದಿರಲಿಲ್ಲ, ಮನೆಗೆ ಬೀಗ. ಫೋನ್ ಮಾಡಿದಳು, ಎತ್ತಲಿಲ್ಲ. ಆ ಮಳೆಯಲ್ಲಿ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕೊನೆಗೆ ಬಂದು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಬೆನ್ನಿಗೆ ಬಂಪರ್ ತಣ್ಣಗೆ ತಾಗುತ್ತಿತ್ತು.

"ನಾನು ಹಾಗೆ ಅನ್ನಬಾರದಿತ್ತು" ಎಂದಳು.

ಅವನು ಅವಳ ಕೈಯ ಮೇಲೆ ಕೈ ಇಟ್ಟ. ಸಮಾಧಾನಕ್ಕೆ ಇರಬೇಕೆಂದು ಅವಳಿಗೆ ಕಣ್ಣು ತುಂಬಿತು. ಸಮಾಧಾನಕ್ಕಲ್ಲ. ಅವನು ಅವಳ ಅಂಗೈಯನ್ನು ಬಿಡಿಸಿ ಅದರ ಮೇಲೆ ಬೆರಳಿನಿಂದ ಸೊನ್ನೆ ಬರೆದ. ಸುತ್ತಿದ, ಸುತ್ತಿದ, ಆಮೇಲೆ ಬೆರಳನ್ನು ಒಂದು ಕಡೆ ಒತ್ತಿ ನಿಲ್ಲಿಸಿದ.

"ತಿರುಗಿ... ನಿಂತ್ಕೊಳ್ಳುತ್ತೆ."

ಕೈ ಒತ್ತಿದ.

"ಯಾವುದು, ಮೋಟರಾ? ಮೋಟರ್ ತಿರುಗಿ, ತಾನಾಗೇ ಒಂದು ಕಡೆ ನಿಂತ್ಕೊಳ್ಳುತ್ತೆ?"

ಮತ್ತೆ ಒತ್ತಿದ.

"ತೋಳು ಹಾಕೋಕೆ ಮುಂಚೆ? ಬರೀ ಮೋಟರನ್ನ ಓಡಿಸಿ, ಅದು ನಿಲ್ಲೋ ಜಾಗದಲ್ಲಿ ನಿಂತ ಮೇಲೆ ತೋಳು ಹಾಕ್ಬೇಕಿತ್ತಾ?"

"ನೋಡು!" ಎಂದು ಅವನು ಕೂಗಿದ. ಅವನ ಉಗುರಿನ ಗುರುತು ಅವಳ ಅಂಗೈಯಲ್ಲಿ ಮೂಡಿತು.

ಅಂಗಡಿಯವನು ತಿರುಗುವಾಗಲೇ ತಂತಿ ಕಿತ್ತದ್ದು ಅವಳಿಗೆ ಆಗ ನೆನಪಾಯಿತು. ಅರ್ಧ ಸುತ್ತಿನಲ್ಲಿ ನಿಂತಿದ್ದ ಮೋಟರಿಗೆ ಅವಳು ತೋಳು ಬಿಗಿದಿದ್ದಳು; ಕೀ ತಿರುಗಿಸಿದ ಕೂಡಲೇ ಅದು ಉಳಿದ ಅರ್ಧ ಸುತ್ತು ಮುಗಿಸಲು ಹೊರಟಿತ್ತು. ಬಿಗಿದ ಮೇಲೆ ಇನ್ನೂ ಬಿಗಿದಿದ್ದಳು. ತಲೆ ಚಚ್ಚಿಕೊಳ್ಳುವಷ್ಟು ಸುಲಭದ ವಿಷಯ. ಅವನಿಗೆ ಬಾಯಿದ್ದರೆ ಒಂದು ಮಾತು. ಅಂಚೆಯಣ್ಣ ಬಂದು ಎತ್ತುವವರೆಗೆ ಅವರಿಬ್ಬರೂ ಅಲ್ಲೇ ಕೂತಿದ್ದರು.

ಮರುದಿನ ಎಲ್ಲವನ್ನೂ ಮತ್ತೆ ಬಿಚ್ಚಿದಳು. ಮೋಟರನ್ನು ಖಾಲಿ ಓಡಿಸಿ ನಿಲ್ಲಬಿಟ್ಟಳು. ಹಳೆಯ ತೋಳು ವರ್ಷಗಟ್ಟಲೆ ನಿಂತಿದ್ದ ಕಡೆ ಚೌಕಟ್ಟಿನ ಮೇಲೆ ಧೂಳು ಕೂರದ ಗುರುತೊಂದಿತ್ತು. ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದು, ಅದಕ್ಕೆ ಸರಿಯಾಗಿ ತೋಳು ಕೂರಿಸಿದಳು. ಸೊಟ್ಟಗಾಗಿದ್ದ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಆದಷ್ಟು ನೆಟ್ಟಗೆ ಮಾಡಿದಳು. ಸೀಳಿದ ಪಟ್ಟಿಗೆ ಟೇಪು ಸುತ್ತಿದಳು. ಲಿಫ್ಟಣ್ಣ ಈ ಸಲ ಕುರ್ಚಿ ಬಡಿಯಲಿಲ್ಲ. ಕೀ ತಿರುಗಿಸಿ ಸ್ವಿಚ್ ಹಾಕಿದಾಗ ಕಡ್ಡಿಗಳು ಮೇಲಕ್ಕೆ ಹೋದವು, ಕೆಳಕ್ಕೆ ಬಂದವು. ಸೊಟ್ಟ ಕಡ್ಡಿ ಗಾಜಿನ ನಡುವೆ ಅಂಗೈಯಗಲ ಒರೆಸದೆ ಬಿಡುತ್ತಿತ್ತು. ಪರವಾಗಿಲ್ಲ, ದಾರಿ ಕಾಣುತ್ತಿತ್ತು.

ಗುರುವಾರ ಇಬ್ಬರೂ ಹೋದರು. ಮೇಡಂ ಚಿಕ್ಕ ವಯಸ್ಸಿನವರು, ಯಾವಾಗಲೂ ನಗುವವರು. ಅಂದು ಲಿಫ್ಟಣ್ಣನಿಗೆ ಲೋಟ, ಬೀಗದ ಕೈ, ಬಾಚಣಿಗೆ ತೋರಿಸಿ ಹೆಸರು ಕೇಳಿದರು. ಎಲ್ಲಕ್ಕೂ ಅವನದು ಒಂದೇ ಉತ್ತರ. ಮುಗಿದ ಮೇಲೆ ಗುಂಡಿಯಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಇಷ್ಟು ತಿಂಗಳಾದ್ರೂ ಮಾತು ಮುಂದಕ್ಕೆ ಹೋಗ್ತಿಲ್ಲ. ಹೊಸದಾಗಿ ಕಾಯಿಲೆ ಆದವರು ತುಂಬಾ ಜನ ಕಾಯ್ತಾ ಇದಾರೆ. ಇಲ್ಲಿನ ನಿಯಮ ಹಾಗೆ. ಮುಂದಿನ ವಾರದಿಂದ ಇವರು ಬರೋದು ಬೇಡ. ಮನೇಲೇ ಮಾಡಿಸೋದನ್ನ ನಾನು ತೋರಿಸ್ಕೊಡ್ತೀನಿ."

"ಮೊನ್ನೆ ಮಾತಾಡಿದ್ರಲ್ಲ ಮೇಡಂ" ಎಂದಳು ಗುಂಡಿಯಕ್ಕ. "ನನ್ನ ಕೈಮೇಲೆ ಬರೆದು, ಮೋಟರ್ ಹೇಗೆ ಹಾಕ್ಬೇಕು ಅಂತ ಪೂರ್ತಿ ಹೇಳಿದ್ರು."

ಮೇಡಂ ಪ್ರೀತಿಯಿಂದಲೇ ಕೇಳಿದರು. "ಅದು ತುಂಬಾ ಒಳ್ಳೇದು. ಆದ್ರೆ ನಾವು ಅಳೆಯೋದು ಬಾಯಿಮಾತನ್ನ ಅಮ್ಮಾ."

ಲಿಫ್ಟಣ್ಣ ಅಲ್ಲೇ ಕೂತಿದ್ದ. ಎಲ್ಲವೂ ಅವನ ಎದುರಿಗೇ ಆಯಿತು. ಗುಂಡಿಯಕ್ಕ ಹೂಂ ಎಂದಳು. ಮನೆಯಲ್ಲಿ ಮಾಡಿಸುವುದನ್ನು ಮೇಡಂ ತೋರಿಸಿದರು, ಅವಳು ತಲೆಯಾಡಿಸಿದಳು. ಹೊರಗೆ ಮಳೆ ಬರುತ್ತಿತ್ತು. ದಾರಿಯುದ್ದಕ್ಕೂ ವೈಪರ್ ಚೆನ್ನಾಗಿ ಕೆಲಸ ಮಾಡಿತು.

ಮುಂದಿನ ಗುರುವಾರ ಅವಳು ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತ ಕೂತಿದ್ದಾಗ ಒಳಗಿನಿಂದ ಕುರ್ಚಿಯ ಸದ್ದು ಕೇಳಿತು. ಲಿಫ್ಟಣ್ಣ ಎಡಗೈಯಲ್ಲೇ ಜಾಕೆಟ್ಟನ್ನು ಗೂಟದಿಂದ ಎಳೆದುಕೊಂಡು, ಒಂದು ತೋಳು ಹಾಕಿ, ಇನ್ನೊಂದು ಬಾರದೆ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದ.

"ಇವತ್ತು ಇಲ್ಲ ರೀ" ಎಂದಳು. "ಮೇಡಂ ಹೇಳಿದ್ರಲ್ಲ."

ಅವನು ಕಾರಿನ ಕಡೆ ಬೆರಳು ತೋರಿಸಿದ. ಅವನಿಗೆ ಮೇಡಂ ಹೇಳಿದ್ದು ತಿಳಿದಿರಲಿಲ್ಲವೋ, ತಿಳಿದೂ ಹೊರಟಿದ್ದನೋ ಅವಳಿಗೆ ಗೊತ್ತಾಗಲಿಲ್ಲ. ಕೇಳಿದರೆ ಬರುವ ಉತ್ತರವೂ ಗೊತ್ತಿತ್ತು. ಜಾಕೆಟ್ಟಿನ ಇನ್ನೊಂದು ತೋಳು ಹಾಕಿದಳು. ಅಂಚೆಯಣ್ಣನನ್ನು ಕರೆದು ಅವನನ್ನು ಕಾರಿನಲ್ಲಿ ಕೂರಿಸಿದಳು.

ಕೇಂದ್ರದ ಗೇಟಿನ ಎದುರು, ರಸ್ತೆಯ ಈಚೆ ಬದಿಯಲ್ಲಿ ಕಾರು ನಿಲ್ಲಿಸಿದಳು. ಇಷ್ಟು ದಿನ ತಮ್ಮದಾಗಿದ್ದ ಹೊತ್ತಿಗೇ ಟ್ಯಾಕ್ಸಿಯೊಂದು ಬಂದು ನಿಂತಿತು. ಅದರಿಂದ ಒಬ್ಬಳು ಹೆಂಗಸು ತನ್ನ ಅಣ್ಣನನ್ನೋ ತಮ್ಮನನ್ನೋ ಕೈಹಿಡಿದು ಇಳಿಸಿ, ಮೆಟ್ಟಿಲು ಹತ್ತಿಸುತ್ತಿದ್ದಳು. ಮೊದಲ ಸಲ ಬಂದವರೆಂದು ನೋಡಿದರೇ ತಿಳಿಯುತ್ತಿತ್ತು; ಹಿಡಿದುಕೊಳ್ಳುವ ಕಂಬಿ ಯಾವ ಕಡೆಯಿದೆ ಎಂದು ಆ ಹೆಂಗಸು ತಡಕಾಡಿದಳು. ಅವರು ಒಳಗೆ ಹೋಗಿ ಬಾಗಿಲು ಮುಚ್ಚಿತು. ಗುಂಡಿಯಕ್ಕ ಸ್ವಲ್ಪ ಹೊತ್ತು ಇಂಜಿನ್ ಆರಿಸದೆ ಕಾದಳು. ಲಿಫ್ಟಣ್ಣ ಮುಚ್ಚಿದ ಬಾಗಿಲಿನ ಕಡೆ ನೋಡುತ್ತ ಕೂತಿದ್ದ. ಆಮೇಲೆ ಅವಳು ಗಾಡಿ ತಿರುಗಿಸಿದಳು. ಮನೆಯಲ್ಲಿ ಆ ಕೋಟಿನ ತೋಳು ಅರ್ಧ ಬಿಚ್ಚಿ ಬಿದ್ದಿತ್ತು, ಸಂಜೆಯೊಳಗೆ ಕೊಡಬೇಕಿತ್ತು.